ಇದು ಹೈಬ್ರಿಡ್ ಹಕ್ಕಿನಾ? ಗರಿ ನೋಡಿ ಬೆರಕೆ ಗುರುತಿಸಿದವರ ಇನ್ನೂರು ವರ್ಷ

ಬಳ್ಳಾರಿ ಸೀಮೆಯಲ್ಲಿ ‘ಹೈಬ್ರಿಡ್’ ಅನ್ನೋ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅದು ನಮಗೆ ಶಾಲೆಯಿಂದ ಬಂದ ಪದವಲ್ಲ, ಬಿತ್ತನೆ ಬೀಜದ ಚೀಲದ ಜೊತೆ ಬಂದದ್ದು. 1964ರಲ್ಲಿ ಸಿಎಸ್‌ಎಚ್-1 ಜೋಳ ಬಂತು. 1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕಾತರಕಿ ಅವರು ರೂಪಿಸಿದ ವರಲಕ್ಷ್ಮಿ ಹತ್ತಿ ಬಂತು. ವರಲಕ್ಷ್ಮಿಯ ತಾಯಿ ಅಮೆರಿಕನ್ ಹತ್ತಿಯ ಜಾತಿ, ತಂದೆ ಉದ್ದ ಎಳೆಯ ಬೇರೊಂದು ಜಾತಿ. ಎರಡು ಬೇರೆ ಜಾತಿಗಳನ್ನು ಕೂಡಿಸಿ ರೈತರ ಹೊಲಕ್ಕೆ ತಂದ ಮೊದಲ ಹತ್ತಿ ಅದು. ಹೂವಿನ ಗಂಡುಭಾಗ ಕಿತ್ತು, ಇನ್ನೊಂದು ಹೂವಿನ ಪರಾಗ ಸವರುವ ‘ಕ್ರಾಸಿಂಗ್’ ಕೂಲಿಗೆ ಹೋದ ತಾಯಂದಿರು ಉತ್ತರ ಕರ್ನಾಟಕದ ಊರೂರಲ್ಲಿದ್ದಾರೆ.

ಹಾಗಾಗಿ ಬೆರಕೆಯ ನಿಯಮ ನಮ್ಮ ರೈತರಿಗೆ ಕೈಯಲ್ಲಿ ಗೊತ್ತು. ಮೊದಲ ವರ್ಷದ ಹೈಬ್ರಿಡ್ ಬೆಳೆ ಒಂದೇ ಸಮ ನಿಲ್ಲುತ್ತದೆ. ಅದೇ ಬೆಳೆಯ ಬೀಜ ಇಟ್ಟುಕೊಂಡು ಮರುವರ್ಷ ಬಿತ್ತಿದರೆ ಒಂದು ಗಿಡ ಎತ್ತರ, ಒಂದು ಗಿಡ್ಡ. ಒಂದು ಅಜ್ಜಿಯ ಹಾಗೆ, ಇನ್ನೊಂದು ಅಜ್ಜನ ಹಾಗೆ, ಮತ್ತೊಂದು ಯಾರ ಹಾಗೂ ಇಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಹಕ್ಕಿಗಳ ವಿಷಯದಲ್ಲಿ ದೊಡ್ಡ ದೊಡ್ಡ ಮ್ಯೂಸಿಯಂಗಳು ಇದನ್ನು ಅರಿಯಲು ಬಹಳ ಕಾಲ ತಗೊಂಡವು.

ಈಗ ಸಿರುಗುಪ್ಪದ ಗದ್ದೆಗೂ ಕುರುಗೋಡಿನ ಗುಡ್ಡಕ್ಕೂ ಕ್ಯಾಮೆರಾ ಹಿಡಿದು ಹೋಗುವ ಹುಡುಗರು ಹೆಚ್ಚಾಗಿದ್ದಾರೆ. ಪುಸ್ತಕದ ಚಿತ್ರಕ್ಕೆ ಹೊಂದದ ಹಕ್ಕಿಯೊಂದು ಸಿಕ್ಕರೆ ಮೊದಲ ಮಾತು, “ಹೈಬ್ರಿಡ್ ಇರಬೇಕಲ್ರಿ ಇದು.” ಆ ಊಹೆ ಸರಿಯೋ ತಪ್ಪೋ ಎಂದು ತೀರ್ಮಾನಿಸುವ ಕೆಲಸಕ್ಕೆ ಒಂದು ಇತಿಹಾಸ ಇದೆ. ಅದರ ಕೆಲವು ಮುಖ್ಯ ಪುಟಗಳು ನಮ್ಮ ದಖನ್ನಿನಲ್ಲೇ ಬರೆದವು.

ವಿಲಿಯಂ ಹೆನ್ರಿ ಸೈಕ್ಸ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ಅಧಿಕಾರಿ. 1824ರಲ್ಲಿ ಬಾಂಬೆ ಸರ್ಕಾರ ಅವನನ್ನು ಅಂಕಿಅಂಶ ಸಂಗ್ರಹಕ್ಕೆ ನೇಮಿಸಿತು. ದಖನ್ನಿನ ಹಳ್ಳಿಗಳಲ್ಲಿ ಜನ ಎಷ್ಟು, ದನ ಎಷ್ಟು, ಬೆಳೆ ಏನು ಎಂದು ಬರೆದುಕೊಳ್ಳುತ್ತಾ ಹೋದವನು ಹಕ್ಕಿಗಳನ್ನೂ ಹೊಡೆದು ಚರ್ಮ ಒಣಗಿಸಿ ಇಟ್ಟುಕೊಂಡ. 1832ರಲ್ಲಿ ಲಂಡನ್ನಿನಲ್ಲಿ ಆ ಹಕ್ಕಿಗಳ ಪಟ್ಟಿ ಪ್ರಕಟವಾಯಿತು. ಅದರಲ್ಲಿ ಹೊಸದೆಂದು ಹೆಸರಿಟ್ಟ ಹಕ್ಕಿಗಳಲ್ಲಿ ಎರಡು ಸಿಪಿಲೆಗಳಿದ್ದವು. ಸಿಪಿಲೆ ಅಂದರೆ ಬಾಲ ಮೇಲೆ ಕೆಳಗೆ ಆಡಿಸುತ್ತಾ ಕೆಸರುಗದ್ದೆಯಲ್ಲಿ ಓಡಾಡುವ ಹಕ್ಕಿ, ಕೆಲವು ಕಡೆ ಕುಂಡೆಕುಸ್ಕ ಅಂತಲೂ ಕರೆಯುತ್ತಾರೆ. ಬಿಳಿ ಸಿಪಿಲೆಯೊಂದಕ್ಕೆ ಸೈಕ್ಸ್ ‘ದುಖುನೆನ್ಸಿಸ್’ ಅಂತ ಹೆಸರಿಟ್ಟ, ದಖನ್ನಿನದು ಎಂಬ ಅರ್ಥದಲ್ಲಿ. ಹಳದಿ ಸಿಪಿಲೆಯೊಂದಕ್ಕೆ ‘ಬೀಮಾ’ ಅಂದ. ಆ ಹೆಸರು ಕೇಳಿದರೆ ನಮಗೆ ಭೀಮಾ ನದಿಯೇ ಕಣ್ಣ ಮುಂದೆ ಬರುತ್ತದೆ.

ತಮಾಷೆ ಏನೆಂದರೆ ಈ ಎರಡೂ ದಖನ್ನಿನಲ್ಲಿ ಹುಟ್ಟಿದ ಹಕ್ಕಿಗಳಲ್ಲ. ಸೈಬೀರಿಯಾ, ಮಧ್ಯ ಏಷ್ಯಾದ ಕಡೆ ಗೂಡು ಕಟ್ಟಿ, ಚಳಿಗಾಲ ಕಳೆಯಲು ಇಲ್ಲಿಗೆ ಬರುವವು. ಅವುಗಳ ಸಂಸಾರ ನಡೆಯುವ ಊರು ಸೈಕ್ಸ್‌ಗೆ ಕಾಣದಷ್ಟು ದೂರ. ಅಲ್ಲಿ ಯಾವುದು ಯಾವುದರ ಜೊತೆ ಕೂಡುತ್ತದೆ ಎಂಬುದು ಕೈಯಲ್ಲಿದ್ದ ಚರ್ಮದಿಂದ ತಿಳಿಯುವಂತಿರಲಿಲ್ಲ. ಆದರೂ ಹೆಸರು ನಿಂತಿತು. ಇನ್ನೂರು ವರ್ಷದ ತೊಡಕಿಗೆ ಇದೇ ಬೇರು: ಹಕ್ಕಿ ಸಿಕ್ಕಿದ್ದು ಒಂದು ಕಡೆ, ಬೆರಕೆ ನಡೆಯುವುದು ಇನ್ನೊಂದು ಕಡೆ.

ಸಿರುಗುಪ್ಪದ ಭತ್ತದ ಗದ್ದೆಗೆ ಬರುವ ಹಳದಿ ಸಿಪಿಲೆಯನ್ನೇ ಹಿಡಿಯೋಣ. ತುಂಗಭದ್ರೆಯ ಕಾಲುವೆ ನೀರು ಹರಿದು ಕೆಸರಾದ ನೆಲ ಇವಕ್ಕೆ ಹಬ್ಬ. ಚಳಿಗಾಲದಲ್ಲಿ ಎಲ್ಲವೂ ಮಾಸಲು, ಒಂದರಿಂದ ಇನ್ನೊಂದನ್ನು ಬಿಡಿಸುವುದು ಕಷ್ಟ. ಮಾರ್ಚ್ ಹೊತ್ತಿಗೆ ಹೊಸ ಗರಿ ಮೂಡಿದ ಗಂಡುಗಳ ತಲೆಯ ಬಣ್ಣ ಬೇರೆ ಬೇರೆಯಾಗುತ್ತದೆ. ತಿಳಿ ಬೂದು ತಲೆ, ಅದಕ್ಕೆ ಅಗಲವಾದ ಬಿಳಿ ಹುಬ್ಬು ಇದ್ದರೆ ಸೈಕ್ಸ್ ಹೇಳಿದ ಬೀಮಾ. ಹುಬ್ಬಿಲ್ಲದೆ ಕಡುಬೂದು ತಲೆ, ಕೆನ್ನೆ ಇನ್ನೂ ಕಪ್ಪು ಇದ್ದರೆ ‘ಥುನ್‌ಬರ್ಗಿ’. ತಲೆಯೆಲ್ಲ ಮಸಿ ಬಳಿದಂತೆ ಕಪ್ಪಗಿದ್ದರೆ ‘ಫೆಲ್ಡೆಗ್’ ಅಥವಾ ಅದರ ಹತ್ತಿರದ ಬಂಧು. ತಲೆಯೇ ಹಳದಿ ಇದ್ದರೆ ‘ಲೂಟಿಯ’.

ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ಪಂಡಿತರ ಕೈಗೆ ಈ ನಾಲ್ಕೂ ಬಗೆಗೆ ಸೇರದ ಹಕ್ಕಿಗಳೂ ಬರತೊಡಗಿದವು. ಕಪ್ಪು ತಲೆ ಇದೆ, ಆದರೆ ಮೇಲೆ ಬಿಳಿ ಹುಬ್ಬೂ ಇದೆ. ಜರ್ಮನಿಯ ಬ್ರೆಹ್ಮ್ ಅದಕ್ಕೆ ‘ಸುಪರ್ಸಿಲಿಯಾರಿಸ್’, ಅಂದರೆ ಹುಬ್ಬಿನದು, ಎಂದು ಹೆಸರು ಕೊಟ್ಟ. ಇನ್ನೊಂದಕ್ಕೆ ಕಪ್ಪು ತಲೆ, ಹಳದಿ ಹುಬ್ಬು. ಬ್ರಿಟಿಷ್ ಮ್ಯೂಸಿಯಂನ ಶಾರ್ಪ್ ಅದನ್ನು ‘ಕ್ಸಾಂಥೋಫ್ರಿಸ್’ ಎಂದು ಕರೆದ. ಇವು ಹೊಸ ಬಗೆಗಳಾಗಿ ಪಟ್ಟಿ ಸೇರಿದವು. ಆಮೇಲೆ ತಿಳಿದದ್ದು ಇಷ್ಟು: ಮೊದಲನೆಯದು ಕಪ್ಪು ತಲೆಯದಕ್ಕೂ ಹುಬ್ಬಿನ ಬೂದು ತಲೆಯದಕ್ಕೂ ಹುಟ್ಟಿದ್ದು, ಎರಡನೆಯದು ಕಪ್ಪು ತಲೆಯದಕ್ಕೂ ಹಳದಿ ತಲೆಯದಕ್ಕೂ ಹುಟ್ಟಿದ್ದು. ಬೆರಕೆ ಮಕ್ಕಳಿಗೆ ಪ್ರತ್ಯೇಕ ಕುಲನಾಮ ಕೊಟ್ಟ ಹಾಗಾಗಿತ್ತು.

ಬುಲ್‌ಬುಲ್, ಅಂದರೆ ನಮ್ಮ ಪಿಕಳಾರದ ವಿಷಯದಲ್ಲೂ ಹೀಗೇ ಆಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈಗಿನ ಪಾಕಿಸ್ತಾನದ ಕೊಹಾಟ್ ಕಡೆಯಿಂದ ‘ಮ್ಯಾಗ್ರಾತಿ’ ಎಂಬ ಹೊಸ ಪಿಕಳಾರ ದಾಖಲಾಯಿತು. ಕೆಂಪು ಬಾಲಬುಡದ ಪಿಕಳಾರವೂ ಹಳದಿ ಬಾಲಬುಡದ ಬಿಳಿ ಕೆನ್ನೆಯ ಪಿಕಳಾರವೂ ಸಂಧಿಸುವ ಜಾಗ ಅದು. ಎರಡರ ನಡುವಿನ ಗುಣ ಹೊತ್ತ ಮರಿಗಳು ಹೊಸ ಹಕ್ಕಿಯ ಹೆಸರು ಪಡೆದವು.

ಇದೆಲ್ಲ ಬರೀ ದಡ್ಡತನ ಎಂದು ನಾವು ಹೇಳುವುದಿಲ್ಲ. ಹೊಸ ಹೆಸರಿಟ್ಟವನ ಹೆಸರು ಹಕ್ಕಿಯ ಹೆಸರಿನ ಜೊತೆ ಶಾಶ್ವತವಾಗಿ ಅಂಟಿಕೊಳ್ಳುತ್ತಿತ್ತು, ಆ ಆಸೆ ಇತ್ತು. ಜೊತೆಗೆ ಆ ಕಾಲದ ಆಡಳಿತಕ್ಕೇ ಎಲ್ಲವನ್ನೂ ಖಾನೆಗೆ ಹಾಕುವ ಚಟ ಇತ್ತು. ಸೈಕ್ಸ್ ಜನರನ್ನೂ ಎಣಿಸಿದ, ಹಕ್ಕಿಗಳನ್ನೂ ಎಣಿಸಿದ. ಜಾನ್ ಕೆಲ್ಸಲ್ ಬರೆದ ಬಳ್ಳಾರಿ ಜಿಲ್ಲಾ ಮ್ಯಾನುಯಲ್ ಬಂದದ್ದು 1872ರಲ್ಲಿ. ಬ್ರಿಟಿಷ್ ಸರ್ಕಾರ ದೇಶದ ಜನರನ್ನು ಮೊದಲ ಸಲ ಜಾತಿವಾರು ಲೆಕ್ಕ ಹಾಕಿದ್ದೂ ಅದೇ ಹೊತ್ತಿಗೆ. ನಮ್ಮ ಭಾಷೆಯಲ್ಲಂತೂ ಹಕ್ಕಿಗೂ ಮನುಷ್ಯನಿಗೂ ಒಂದೇ ಪದ, ಜಾತಿ. ಪಠ್ಯಪುಸ್ತಕ ಈಗ ‘ಪ್ರಭೇದ’ ಅನ್ನುತ್ತದೆ, ಒಳ್ಳೆಯದೇ. ಆದರೆ ಊರಲ್ಲಿ ‘ಬೆರಕೆ’ ಅನ್ನೋದು ಇವತ್ತಿಗೂ ಬೈಗುಳ. ಒಂದೇ ವಾಕ್ಯದಲ್ಲಿ ಕನ್ನಡ ತೆಲುಗು ಎರಡನ್ನೂ ಕಲಸಿ ಮಾತಾಡುವ ಬಳ್ಳಾರಿಯವರಾದ ನಮಗೆ ಆ ಬೈಗುಳ ಅಷ್ಟಾಗಿ ತಾಗಬಾರದು, ಅದು ಬೇರೆ ಮಾತು.

ಖಾನೆಗೆ ಸೇರದ ಹಕ್ಕಿಯನ್ನು ಖಾನೆಗೆ ತುರುಕದೆ, ಹಾಗೇ ಬರೆದಿಟ್ಟವರೂ ಇದ್ದರು. ಅವರಲ್ಲಿ ನಮಗೆ ಮೆಚ್ಚುಗೆಯಾದವನು ಎಡ್ವರ್ಡ್ ಬ್ಲೈತ್. 1841ರಿಂದ ಸುಮಾರು ಇಪ್ಪತ್ತು ವರ್ಷ ಕಲ್ಕತ್ತದ ಏಷಿಯಾಟಿಕ್ ಸೊಸೈಟಿಯ ಮ್ಯೂಸಿಯಂ ನೋಡಿಕೊಂಡ ಬಡ ಸಂಬಳದ ಮನುಷ್ಯ. ಅವನ ಮೇಜಿಗೆ ದೇಶದ ಎಲ್ಲ ಕಡೆಯಿಂದ ಹಕ್ಕಿ ಚರ್ಮಗಳು ಬರುತ್ತಿದ್ದವು. ಹಾಗಾಗಿ ಒಂದು ಊರಿನಲ್ಲಿ ಕೂತವನಿಗೆ ಕಾಣದ್ದು ಅವನಿಗೆ ಕಂಡಿತು.

ಅವನು ಕಂಡದ್ದರಲ್ಲಿ ಒಂದು ನಮ್ಮ ರಾಜ್ಯಪಕ್ಷಿ ನೀಲಕಂಠದ ಕಥೆ. ಬಳ್ಳಾರಿ ಸುತ್ತ ಕರೆಂಟ್ ತಂತಿಯ ಮೇಲೆ ಕೂತಿರುವ ನೀಲಕಂಠಕ್ಕೆ ಎದೆ ಕಂದುಗೆಂಪು, ಕೊರಳಲ್ಲಿ ಬಿಳಿ ಗೀರುಗಳು, ಕತ್ತಿನ ಹಿಂದೆ ಕೆಂಗಂದು ಪಟ್ಟಿ. ಹಾರಿದರೆ ಎರಡು ಬಗೆಯ ನೀಲಿ ಹೊಳೆಯುತ್ತದೆ. ಅಸ್ಸಾಮಿನಾಚೆ, ಬರ್ಮಾ ಕಡೆ ಹೋದರೆ ಬೇರೆ ನೀಲಕಂಠ: ಮೈ ಗಾಢ, ಎದೆಯಲ್ಲಿ ನೇರಳೆ ಛಾಯೆ, ಬಿಳಿ ಗೀರಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬೇರೆ ಎಂದು ಮಗುವೂ ಹೇಳುತ್ತದೆ. ಆದರೆ ಬಂಗಾಳ, ಅಸ್ಸಾಂ ಕಡೆಯಿಂದ ಬಂದ ಚರ್ಮಗಳನ್ನು ಸಾಲಾಗಿ ಇಟ್ಟಾಗ ಈ ತುದಿಯಿಂದ ಆ ತುದಿವರೆಗೆ ಎಲ್ಲ ಹಂತದ ಬಣ್ಣವೂ ಇತ್ತು. ಗೆರೆ ಎಲ್ಲಿ ಎಳೆಯುವುದು? ಹಸಿರು ಪಾರಿವಾಳದಲ್ಲೂ, ಹಿಮಾಲಯದ ಕಾಲಿಜ್ ಕೋಳಿಯಲ್ಲೂ ಬ್ಲೈತ್ ಇದನ್ನೇ ಕಂಡ. ಅವನು ಇಂಥ ವಿಷಯಗಳನ್ನು ಬರೆದು ಕಳಿಸುತ್ತಿದ್ದದ್ದು ಇಂಗ್ಲೆಂಡಿನಲ್ಲಿದ್ದ ಚಾರ್ಲ್ಸ್ ಡಾರ್ವಿನ್‌ಗೆ. ಜಾತಿಗಳು ದೇವರು ಎಳೆದ ಗೆರೆಯಲ್ಲ ಎಂದು ವಾದ ಕಟ್ಟುತ್ತಿದ್ದ ಡಾರ್ವಿನ್‌ಗೆ ಬ್ಲೈತ್‌ನ ಕಾಗದಗಳು ದೊಡ್ಡ ಬಲವಾದವು.

ಬ್ಲೈತ್‌ನ ವಿಧಾನ ಈಗಲೂ ಹಳತಾಗಿಲ್ಲ. ಒಂದು ಹಕ್ಕಿ ನೋಡಿ ಬೆರಕೆ ಅನ್ನಬೇಡ, ಸಾಲು ನೋಡು. ಎರಡು ಬಗೆ ಎಲ್ಲೆಲ್ಲಿವೆ, ಎಲ್ಲಿ ಸಂಧಿಸುತ್ತವೆ, ಸಂಧಿಸುವ ಕಡೆಯೇ ನಡುವಿನವು ಸಿಗುತ್ತವೆಯೇ ಎಂದು ನೋಡು. ಬಂಗಾಳದ ನಡುಬಣ್ಣದ ನೀಲಕಂಠಕ್ಕೆ ಅರ್ಥವಿದೆ. ಅಂಥದೇ ಒಂದು ಕಪ್ಪಾದ ಹಕ್ಕಿ ಸಿರುಗುಪ್ಪದಲ್ಲಿ ಕಂಡರೆ ಅರ್ಥ ಬೇರೆಯೇ ಇರುತ್ತದೆ, ಏಕೆಂದರೆ ಆ ಪೂರ್ವದ ಹಕ್ಕಿ ಇಲ್ಲಿಂದ ಸಾವಿರಾರು ಕಿಲೋಮೀಟರ್ ಆಚೆ. ಚಿನ್ನದ ಬೆನ್ನಿನ ಮರಕುಟಿಗವೂ ಹಾಗೇ. ಶ್ರೀಲಂಕಾದಲ್ಲಿ ಕೆಂಪು ಬೆನ್ನಿನ ಮರಕುಟಿಗ ಇದೆ, ಅಲ್ಲಿನ ಉತ್ತರ ಭಾಗದಲ್ಲಿ ಎರಡೂ ಬೆರೆತು ಕಿತ್ತಳೆ ಬೆನ್ನಿನವು ಸಿಗುತ್ತವೆ. 2016ರಲ್ಲಿ ಇದರ ಅಧ್ಯಯನ ಪ್ರಕಟವಾಗಿದೆ. ಕೆಂಪು ಬೆನ್ನಿನದು ಶ್ರೀಲಂಕಾ ಬಿಟ್ಟು ಬೇರೆಲ್ಲೂ ಇಲ್ಲ. ಬಳ್ಳಾರಿಯಲ್ಲಿ ಬೆನ್ನು ಸ್ವಲ್ಪ ಕಿತ್ತಳೆ ಕಂಡರೆ ಸಂಜೆ ಬಿಸಿಲಿನ ಮೇಲೆ ಅನುಮಾನ ಪಡುವುದು ಲೇಸು.

ರೈತರ ‘ಮರುವರ್ಷದ ಬೀಜ’ದ ಮಾತು ಹಕ್ಕಿಶಾಸ್ತ್ರಕ್ಕೆ ಬಂದದ್ದು ಅಮೆರಿಕದಲ್ಲಿ. ಅಲ್ಲಿ ಎರಡು ಪುಟಾಣಿ ವಾರ್ಬ್ಲರ್‌ಗಳಿವೆ. ಒಂದರ ಮೈ ಹಳದಿ, ಗಂಟಲೂ ಹಳದಿ. ಇನ್ನೊಂದರ ಮೈ ಬೂದು-ಬಿಳಿ, ಗಂಟಲು ಕಪ್ಪು. 1874ರ ಸುಮಾರಿಗೆ ಎರಡು ‘ಹೊಸ’ ಹಕ್ಕಿಗಳು ವರದಿಯಾದವು. ಬ್ರೂಸ್ಟರ್ ವಾರ್ಬ್ಲರ್: ಮೈ ಬಿಳಿಚು, ಗಂಟಲಲ್ಲಿ ಕಪ್ಪಿಲ್ಲ. ಲಾರೆನ್ಸ್ ವಾರ್ಬ್ಲರ್: ಮೈ ಹಳದಿ, ಗಂಟಲು ಕಪ್ಪು. ಮೊದಲನೆಯದು ಆಗಾಗ ಸಿಗುತ್ತಿತ್ತು, ಎರಡನೆಯದು ಬಲು ಅಪರೂಪ. ಎರಡೂ ಒಂದೇ ಜೋಡಿಯ ಬೆರಕೆಯಾದರೆ ಎರಡು ಬಗೆ ಯಾಕೆ, ಒಂದು ಇಷ್ಟು ಅಪರೂಪ ಯಾಕೆ?

1900ರಲ್ಲಿ ಮೆಂಡೆಲ್‌ನ ಬಟಾಣಿ ಲೆಕ್ಕ ಮತ್ತೆ ಬೆಳಕಿಗೆ ಬಂತು. 1908ರಲ್ಲಿ ನಿಕೋಲ್ಸ್ ಎಂಬ ಅಮೆರಿಕನ್ ಆ ಲೆಕ್ಕವನ್ನು ಈ ಹಕ್ಕಿಗಳಿಗೆ ಹಚ್ಚಿದ. ಬಿಳಿ ಮೈ, ಕಪ್ಪಿಲ್ಲದ ಗಂಟಲು ಇವು ಮೇಲುಗೈ ಗುಣಗಳು, ಆದ್ದರಿಂದ ಮೊದಲ ತಲೆಮಾರಿನ ಮರಿಗಳೆಲ್ಲ ಬ್ರೂಸ್ಟರ್. ಅಡಗಿದ ಎರಡು ಗುಣಗಳೂ, ಹಳದಿ ಮೈ ಮತ್ತು ಕಪ್ಪು ಗಂಟಲು, ಒಂದೇ ಮರಿಯಲ್ಲಿ ಹೊರಬೀಳುವುದು ಮುಂದಿನ ತಲೆಮಾರುಗಳಲ್ಲಿ, ಅದೂ ಎಲ್ಲೋ ಒಂದು. ಅದೇ ಲಾರೆನ್ಸ್. ಹೈಬ್ರಿಡ್ ಹತ್ತಿಯ ಬೀಜ ಇಟ್ಟು ಮರುವರ್ಷ ಬಿತ್ತಿ ಕೈಸುಟ್ಟುಕೊಂಡ ಯಾವ ರೈತನಿಗಾದರೂ ಇದು ತಟ್ಟನೆ ಅರ್ಥವಾಗುತ್ತದೆ. 2016ರಲ್ಲಿ ಈ ಎರಡು ವಾರ್ಬ್ಲರ್‌ಗಳ ಪೂರ್ತಿ ವಂಶವಾಹಿ ಓದಿ ನೋಡಿದರು. ಎದ್ದು ಕಾಣುವ ವ್ಯತ್ಯಾಸ ಇದ್ದದ್ದು ಬರೀ ಆರು ಚಿಕ್ಕ ಜಾಗಗಳಲ್ಲಿ, ಅವುಗಳಲ್ಲಿ ಹೆಚ್ಚಿನವು ಗರಿಯ ಬಣ್ಣಕ್ಕೆ, ಗರಿಯ ಬೆಳವಣಿಗೆಗೆ ಸಂಬಂಧಿಸಿದವು. ಉಳಿದಂತೆ ಎರಡೂ ಹೆಚ್ಚುಕಡಿಮೆ ಒಂದೇ.

ಇದರಿಂದ ಗರಿ ಓದುವವರಿಗೆ ಸಿಕ್ಕ ಪಾಠ ಸ್ವಲ್ಪ ಕಹಿ. ಬೆರಕೆ ಮರಿ ಯಾವಾಗಲೂ ಅಪ್ಪ-ಅಮ್ಮನ ನಡುವಿನ ಬಣ್ಣದಲ್ಲಿ ಇರಲೇಬೇಕೆಂದಿಲ್ಲ. ಒಂದು ಗುಣ ಇಡಿಯಾಗಿ ಅಪ್ಪನದು, ಇನ್ನೊಂದು ಇಡಿಯಾಗಿ ಅಮ್ಮನದು ಇರಬಹುದು. ಬೆರಕೆ ಹಕ್ಕಿ ಮತ್ತೆ ಒಂದೇ ಕಡೆಯವರ ಜೊತೆ ಎರಡು ಮೂರು ತಲೆಮಾರು ಕೂಡಿದರೆ ಗರಿಯಲ್ಲಿ ಸುಳಿವೇ ಉಳಿಯದಿರಬಹುದು.

ಸೈಕ್ಸ್ ಹೆಸರಿಟ್ಟ ಬಿಳಿ ಸಿಪಿಲೆಯಲ್ಲೂ ಇದೇ ಕಂಡಿದೆ. ಅದರ ಮುಖ, ಕತ್ತಿನ ಪಕ್ಕ ಬಿಳಿ. ನೆತ್ತಿ, ಎದೆ ಕಪ್ಪು. ಮಧ್ಯ ಏಷ್ಯಾದ ಇನ್ನೊಂದು ಬಗೆ ‘ಪರ್ಸೊನಾಟ’ಕ್ಕೆ ಕತ್ತಿನ ಪಕ್ಕವೂ ಕಪ್ಪು, ಮುಖದ ಮೇಲೆ ಮಾತ್ರ ಬಿಳಿ ಮುಖವಾಡ. ಎರಡೂ ಚಳಿಗಾಲಕ್ಕೆ ಭಾರತಕ್ಕೆ ಬರುತ್ತವೆ. ದಕ್ಷಿಣ ಸೈಬೀರಿಯಾದಲ್ಲಿ ಎರಡರ ನೆಲ ಸೇರುವ ಕಡೆ ಬೆರಕೆ ನಡೆಯುತ್ತದೆ. ಮರಿಗಳ ಕತ್ತಿನ ಪಕ್ಕದಲ್ಲಿ ಅರ್ಧಂಬರ್ಧ ಕಪ್ಪು ಬರುತ್ತದೆ. ಸೆಮೆನೊವ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ತಲೆಯ ಬಣ್ಣವನ್ನು ನಿರ್ಧರಿಸುವುದು ವಂಶವಾಹಿಯ ಎರಡು ಚಿಕ್ಕ ಜಾಗಗಳು. ಅಂದರೆ ತಲೆ ನೋಡಿ ನಾವು ಓದುತ್ತಿರುವುದು ದೊಡ್ಡ ಪುಸ್ತಕದ ಎರಡು ಸಾಲು.

ನೀಲಕಂಠದಲ್ಲಿ ಇನ್ನೂ ವಿಚಿತ್ರ. 2018ರ ವಂಶವಾಹಿ ಅಧ್ಯಯನದಲ್ಲಿ ಪೂರ್ವದ ನೀಲಕಂಠಕ್ಕೆ ಹತ್ತಿರದ ನೆಂಟ ನಮ್ಮ ನೀಲಕಂಠವಲ್ಲ, ಇಂಡೋನೇಷ್ಯಾದ ಸುಲವೇಸಿ ದ್ವೀಪದ ಇನ್ನೊಂದು ಹಕ್ಕಿ ಎಂದು ಬಂತು. ಬಂಗಾಳದಲ್ಲಿ ಬೆರೆಯುತ್ತಿರುವವು ಒಡಹುಟ್ಟಿದವಲ್ಲ, ದೂರದ ಸಂಬಂಧಿಗಳು. ಬ್ಲೈತ್‌ನ ಸಾಲು ಬೆರಕೆ ಇದೆ ಎಂಬುದನ್ನು ಸರಿಯಾಗಿ ತೋರಿಸಿತ್ತು. ಯಾರಿಗೆ ಯಾರು ಎಷ್ಟು ಹತ್ತಿರ ಎಂಬುದು ಚರ್ಮದ ಸಾಲಿನಲ್ಲಿ ಕಾಣುವ ಸಂಗತಿಯೇ ಅಲ್ಲ.

ಈಗ ಬಳ್ಳಾರಿಯ ಕ್ಯಾಮೆರಾ ಹುಡುಗರ ಪ್ರಶ್ನೆಗೆ ಬರೋಣ. ಮೊದಲು ಒಂದು ಲೆಕ್ಕ. ಜಗತ್ತಿನ ಹಕ್ಕಿ ಪ್ರಭೇದಗಳಲ್ಲಿ ಬೇರೆ ಪ್ರಭೇದದ ಜೊತೆ ಕೂಡಿದ ದಾಖಲೆ ಇರುವವು ಹತ್ತಕ್ಕೆ ಒಂದರಷ್ಟು ಎಂದು ಗ್ರಾಂಟ್ ದಂಪತಿ 1992ರಲ್ಲಿ ಲೆಕ್ಕ ಹಾಕಿದರು. ಇದು ಕೇಳಿದರೆ ಬೆರಕೆ ಬಹಳ ಅನ್ನಿಸುತ್ತದೆ. ಆದರೆ ಅದು ಪ್ರಭೇದಗಳ ಲೆಕ್ಕ, ಬಿಡಿ ಹಕ್ಕಿಗಳದ್ದಲ್ಲ. ಅಮೆರಿಕದಲ್ಲಿ ಹಕ್ಕಿ ವೀಕ್ಷಕರು 2010ರಿಂದ 2018ರವರೆಗೆ ಬರೆದಿಟ್ಟ ದಾಖಲೆಗಳನ್ನು ಜಾಲಾಡಿದಾಗ ಬೆರಕೆ ಹಕ್ಕಿಗಳ ಪಾಲು ಶೇ. 0.064. ಹತ್ತು ಸಾವಿರಕ್ಕೆ ಆರೇಳು. ಅಲ್ಲಿನ ಲೆಕ್ಕವನ್ನು ಇಲ್ಲಿಗೆ ಹಾಗೇ ತರಲಾಗದು, ಆದರೂ ವಿಚಿತ್ರ ಹಕ್ಕಿ ಕಂಡಾಗ ‘ಹೈಬ್ರಿಡ್’ ಮೊದಲ ಊಹೆ ಆಗಬಾರದು ಎಂಬುದಕ್ಕೆ ಇಷ್ಟು ಸಾಕು.

ಹಾಗಾದರೆ ಮೊದಲ ಊಹೆ ಏನು? ಬಿಳಿ ಗರಿಯ ಕಾಗೆ, ಬಿಳಿ ಮಚ್ಚೆಯ ಗೊರವಂಕ ಆಗಾಗ ಸುದ್ದಿಯಾಗುತ್ತವೆ. ಅದು ಬಣ್ಣದ ಕಣ ಗರಿಗೆ ಸೇರದೆ ಆಗುವ ಕೊರತೆ. ಇಂಥ ಬಿಳಿ ಬಹಳ ಸಲ ಎಡಕ್ಕೊಂದು ಬಲಕ್ಕೊಂದು, ಎಲ್ಲೆಂದರಲ್ಲಿ ಬೀಳುತ್ತದೆ. ಬೆರಕೆಯ ಗುರುತು ಸಾಮಾನ್ಯವಾಗಿ ಎರಡೂ ಪಕ್ಕ ಸಮವಾಗಿರುತ್ತದೆ. ಇನ್ನು ವಯಸ್ಸು ಮತ್ತು ಗರಿ ಬದಲಾಗುವ ಕಾಲ. ಕಪ್ಪು ತಲೆಯ ಸಿಪಿಲೆಗೆ ಮಾರ್ಚ್‌ನಲ್ಲಿ ಹೊಸ ಗರಿ ಪೂರ್ತಿ ಬಂದಿರುವುದಿಲ್ಲ, ಹಳೆಯ ಮಾಸಲು ಹುಬ್ಬಿನ ತುಣುಕು ಉಳಿದಿರುತ್ತದೆ. ಫೋಟೊದಲ್ಲಿ ಅದು ಥೇಟ್ ‘ಸುಪರ್ಸಿಲಿಯಾರಿಸ್’! ಏಪ್ರಿಲ್‌ನಲ್ಲಿ ಹುಬ್ಬು ಸ್ವಚ್ಛವಾಗಿ, ಎರಡೂ ಕಡೆ ಉದ್ದಕ್ಕೂ ಇದ್ದರೆ ಮಾತ್ರ ಮುಂದಿನ ಯೋಚನೆ. ರಾಜಹಕ್ಕಿಯ ಗಂಡು ಒಂದು ಕೆಂಗಂದು, ಇನ್ನೊಂದು ಹಾಲುಬಿಳಿ. ಎರಡೂ ಒಂದೇ ಪ್ರಭೇದ, ಅರ್ಧ ಕಂದು ಅರ್ಧ ಬಿಳಿ ಇದ್ದರೂ ಅದು ಬೆರಕೆ ಅಲ್ಲ.

ನಮ್ಮ ಜಿಲ್ಲೆಗೇ ಹೊಂದುವ ಇನ್ನೊಂದು ಕಾರಣವಿದೆ, ಮಣ್ಣು. ಕಬ್ಬಿಣದ ಅಂಶ ಅಂಟಿ ಗರಿ ತುಕ್ಕಿನ ಬಣ್ಣಕ್ಕೆ ತಿರುಗುವುದು ಕೊಕ್ಕರೆ ಜಾತಿಯ ಕ್ರೌಂಚಗಳಲ್ಲಿ, ಹೆಬ್ಬಾತುಗಳಲ್ಲಿ ಬೇರೆ ದೇಶಗಳಲ್ಲಿ ಚೆನ್ನಾಗಿ ದಾಖಲಾಗಿದೆ. ಸಂಡೂರಿನ ಅದಿರು ಲಾರಿಗಳ ಕಾಲದಲ್ಲಿ ಮರದ ಎಲೆ, ಮನೆ ಗೋಡೆ, ನಮ್ಮ ಅಂಗಿಯ ಕಾಲರ್ ಎಲ್ಲ ಕೆಂಪಾಗಿದ್ದನ್ನು ಕಂಡವರು ನಾವು. ಬಿಳಿ ಹಕ್ಕಿಯೊಂದು ಇಲ್ಲಿ ಕಂದು ಕಂಡರೆ ಅದರ ಅಪ್ಪ-ಅಮ್ಮನನ್ನು ಅನುಮಾನಿಸುವ ಮೊದಲು ಅದು ಮಿಂದ ಹೊಂಡವನ್ನು ನೋಡಬೇಕು. ಮುತ್ತುಗದ ಹೂವಿಗೆ ಮುಖ ಇಟ್ಟ ಪಿಕಳಾ‌ರದ ಹಣೆಗೆ ಹಳದಿ ಪರಾಗ ಅಂಟಿರುವುದೂ ಇದೇ ಸಾಲಿಗೆ ಸೇರುತ್ತದೆ.

ಇವೆಲ್ಲ ದಾಟಿದ ಮೇಲೂ ಅನುಮಾನ ಉಳಿದರೆ ಬಣ್ಣ ಬಿಟ್ಟು ಆಕಾರ ನೋಡುವುದು: ಕೊಕ್ಕಿನ ಉದ್ದ, ಜುಟ್ಟು, ಬಾಲದ ಅಳತೆ, ಕಾಲು. ಧೂಳು ಕೊಕ್ಕಿನ ಉದ್ದ ಬದಲಿಸುವುದಿಲ್ಲ. ಕೂಗನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳುವುದು ಗರಿಯಷ್ಟೇ ಮುಖ್ಯ. ಮ್ಯೂಸಿಯಂನ ಚರ್ಮಕ್ಕೆ ಕೂಗಿರಲಿಲ್ಲ, ನಮಗೆ ಆ ಅನುಕೂಲ ಇದೆ.

ತಪ್ಪು ಹೇಳಿದರೆ ಹೋಗುವುದೇನು ಎಂದು ಕೇಳಬಹುದು. ಕುರುಗೋಡು, ಸಂಡೂರು, ದರೋಜಿ, ಹಂಪಿಯ ಸುತ್ತ ಇರುವಂಥ ಬಂಡೆಗುಡ್ಡಗಳ ಹಕ್ಕಿಯೊಂದರ ಉದಾಹರಣೆ ಕೊಡುತ್ತೇವೆ. ಮುಳ್ಳು ಪೊದೆಯಲ್ಲಿ ಎರಡು ಪಿಕಳಾರಗಳು ಎಲ್ಲರಿಗೂ ಗೊತ್ತು. ಒಂದು ಕಪ್ಪು ತಲೆಯ, ಕೆಂಪು ಬಾಲಬುಡದ್ದು. ಇನ್ನೊಂದು ಬಿಳಿ ಹುಬ್ಬಿನ, ಮಾಸಲು ಹಸಿರು ಮೈಯದು. ಮೂರನೆಯದೊಂದು ಇದೆ: ಜುಟ್ಟಿಲ್ಲ, ಮೈ ಬೂದು, ಗಂಟಲು ಮತ್ತು ಬಾಲಬುಡ ಹಳದಿ, ಬಾಲದ ತುದಿಯಲ್ಲಿ ಬಿಳಿ. ಮೊದಲ ಸಲ ನೋಡಿದವರಿಗೆ ಇದು ಆ ಎರಡಕ್ಕೂ ಹುಟ್ಟಿದ್ದು ಅನ್ನಿಸುವುದು ಸಹಜ. ಆದರೆ ಇದು ಥಾಮಸ್ ಜೆರ್ಡನ್ 1845ರಲ್ಲಿ ಹೆಸರಿಟ್ಟ ಹಳದಿ ಕೊರಳಿನ ಪಿಕಳಾರ, ದಕ್ಷಿಣ ಭಾರತದ ಬಂಡೆಗುಡ್ಡಗಳಲ್ಲಿ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲ, ಅಳಿವಿನ ಅಪಾಯದ ಪಟ್ಟಿಯಲ್ಲಿದೆ. ದರೋಜಿ ಮತ್ತು ಹಂಪಿಯಲ್ಲಿ ಇರುವುದು ದಾಖಲಾಗಿದೆ. ಇದರ ನೆಲೆಗೆ ದೊಡ್ಡ ಅಪಾಯಗಳಲ್ಲಿ ಒಂದು ಕಲ್ಲು ಗಣಿಗಾರಿಕೆ. ಯಾವುದೋ ಗುಡ್ಡಕ್ಕೆ ಕಲ್ಲು ಒಡೆಯಲು ಅರ್ಜಿ ಬಿದ್ದಾಗ, ಅಲ್ಲಿ ಈ ಹಕ್ಕಿ ಇತ್ತು ಎಂಬ ದಿನಾಂಕ ಸಹಿತ ಫೋಟೊ ಇದ್ದರೆ ಅದು ಸಾಕ್ಷಿ. ಅದೇ ಫೋಟೊ ‘ಹೈಬ್ರಿಡ್ ಬುಲ್‌ಬುಲ್’ ಎಂಬ ಹೆಸರಲ್ಲಿ ಯಾರದೋ ಫೋನಿನಲ್ಲಿ ಬಿದ್ದಿದ್ದರೆ ಆ ಗುಡ್ಡದಲ್ಲಿ ಏನೂ ಇರಲಿಲ್ಲ ಎಂದೇ ಲೆಕ್ಕ.

ನಮ್ಮ ಕಡೆ ದಾಖಲೆಯೂ ತೆಳು. ಸಲೀಂ ಅಲಿ 1931-32ರಲ್ಲಿ ಹೈದರಾಬಾದ್ ಸಂಸ್ಥಾನದ ಹಕ್ಕಿ ಸಮೀಕ್ಷೆ ಮಾಡಿದರು, ತುಂಗಭದ್ರೆಯ ಆಚೆ ದಡದ ರಾಯಚೂರು ಕಡೆ ಆ ಸಂಸ್ಥಾನಕ್ಕೆ ಸೇರಿತ್ತು. 1939-40ರಲ್ಲಿ ಮೈಸೂರು ಸಂಸ್ಥಾನದ ಸಮೀಕ್ಷೆ ಮಾಡಿದರು, ಅದರ ಗಡಿ ನಮ್ಮ ದಕ್ಷಿಣಕ್ಕೆ ಮುಗಿಯುತ್ತಿತ್ತು. ನಡುವಿನ ಬಳ್ಳಾರಿ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು, ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಎರಡು ದೊಡ್ಡ ಸಮೀಕ್ಷೆಗಳ ಹೆಸರಿನಲ್ಲೂ ನಾವಿಲ್ಲ. ಹಾಗಾಗಿ ಈಗ ಸಿರುಗುಪ್ಪದ ಗದ್ದೆ ಬದುವಿನಲ್ಲಿ ನಿಂತು ತೆಗೆದ ಸಿಪಿಲೆಯ ಫೋಟೊಗೆ ತಾರೀಖು, ಜಾಗ, ಜೊತೆಗಿದ್ದ ಹಕ್ಕಿಗಳ ಸಂಖ್ಯೆ ಬರೆದಿಟ್ಟರೆ ಅದು ಮುಂದಿನವರಿಗೆ ಬ್ಲೈತ್‌ನ ಮೇಜಿನ ಸಾಲು ಆಗುತ್ತದೆ. ‘ಬೆರಕೆ ಇರಬಹುದು’ ಎಂದು ಪಕ್ಕದಲ್ಲಿ ಬರೆಯಿರಿ, ತಪ್ಪಿಲ್ಲ. ಯಾವ ಗುಣ ನೋಡಿ ಹಾಗನ್ನಿಸಿತು ಅನ್ನೋದನ್ನೂ ಬರೆಯಿರಿ.

ಕೊನೆಗೆ ಕೋಳಿಯ ವಿಷಯ ಹೇಳದಿದ್ದರೆ ಆಗದು. ಸಾಕು ಕೋಳಿಯ ಮೂಲ ಕೆಂಪು ಕಾಡುಕೋಳಿ ಒಂದೇ ಎಂದು ಡಾರ್ವಿನ್ ಹೇಳಿದ. ಅದಕ್ಕೆ ಬ್ಲೈತ್‌ನ ಬೆಂಬಲವೂ ಇತ್ತು. ದಕ್ಷಿಣ ಭಾರತದ ಬೂದು ಕಾಡುಕೋಳಿಗೆ ಇದರಲ್ಲಿ ಪಾಲಿಲ್ಲ ಎನ್ನಲು ಡಾರ್ವಿನ್ ಕೊಟ್ಟ ಕಾರಣಗಳಲ್ಲಿ ಒಂದು ಲಂಡನ್ ಪ್ರಾಣಿಸಂಗ್ರಹಾಲಯದ ಪ್ರಯೋಗ. ಕಾಡುಕೋಳಿಗಳನ್ನು ಒಂದಕ್ಕೊಂದು ಕೂಡಿಸಿ ಪಡೆದ ಸುಮಾರು 500 ಮೊಟ್ಟೆಗಳಲ್ಲಿ ಉಳಿದದ್ದು 12 ಮರಿ. ಇಷ್ಟು ಕಷ್ಟದ ಬೆರಕೆ ಊರ ಕೋಳಿಯ ಮೂಲವಾಗಲಾರದು ಎಂಬ ತರ್ಕ ಒಪ್ಪುವಂತಿತ್ತು. ಊರ ಹುಂಜದ ಗರಿ, ಬಾಲ, ಜುಟ್ಟು ಯಾವುದರಲ್ಲೂ ಬೂದು ಕಾಡುಕೋಳಿಯ ಸುಳಿವಿಲ್ಲ.

2008ರಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ತಂಡ ಕೋಳಿಯ ಕಾಲಿನ ಬಣ್ಣ ನಿರ್ಧರಿಸುವ ವಂಶವಾಹಿಯನ್ನು ಓದಿತು. ಹಳದಿ ಕಾಲಿನ ಕೋಳಿಗಳಲ್ಲಿರುವ ಆ ತುಣುಕು ಕೆಂಪು ಕಾಡುಕೋಳಿಯದ್ದಲ್ಲ, ಬೂದು ಕಾಡುಕೋಳಿಯದ್ದು. ಎಂದೋ, ಎಲ್ಲೋ ಈ ಕಡೆಯ ಊರೊಂದರ ಅಂಚಿನಲ್ಲಿ ಕಾಡಿನ ಹುಂಜ ಊರಿನ ಹೇಟೆಯ ಬಳಿ ಬಂದಿರಬೇಕು. ಆ ತುಣುಕು ಅಲ್ಲಿಂದ ಜಗತ್ತಿನ ಕೋಟಿ ಕೋಟಿ ಫಾರಂ ಕೋಳಿಗಳಿಗೆ ಹರಡಿದೆ. ಹೈಬ್ರಿಡ್ ಬೇಡ, ಜವಾರಿ ಕೋಳಿಯೇ ಬೇಕೆಂದು ಸಂತೆಯಲ್ಲಿ ಹುಂಜವನ್ನು ಕಾಲು ಹಿಡಿದು ತೂಗಿ ನೋಡುವಾಗ ಕೈಯಲ್ಲಿರುವುದು ಆ ಹಳದಿ ಕಾಲೇ.